ಹೋಗಿ ಬನ್ನಿ ಎನ್ನುವ ಕಂಪ್ಯೂಟರ್

ಎರಡು ಸಾವಿರದ ಆರರಲ್ಲಿ ಹಳೇಬೀಡಿನ ನಮ್ಮ ಹಾಲಿನ ಸಂಘದ ಕಂಪ್ಯೂಟರಿಗೆ ಒಂದು ವಿಕಿ ಬಂತು. ದನಕರುಗಳ ವಿಷಯದಲ್ಲಿ ಯಾರಿಗೆ ಏನು ಗೊತ್ತೋ ಅದನ್ನು ತಾವೇ, ತಮ್ಮ ಹೆಸರಿನಲ್ಲೇ ಬರೆದಿಡುವ ಪುಟಗಳು. ಬರೆಯುವುದೇನೋ ಕನ್ನಡದಲ್ಲಿ ಬರೆಯಬಹುದಿತ್ತು. ಆದರೆ ಸುತ್ತ ಇದ್ದ ಗುಂಡಿ, ಪಟ್ಟಿ, ಸೂಚನೆಗಳೆಲ್ಲ ಇಂಗ್ಲಿಷ್.

ಕಾರ್ಯದರ್ಶಿ ಜಯದೇವಪ್ಪನವರಿಗೆ ಇದೊಂದು ತೊಂದರೆಯೇ ಅಲ್ಲ. “ಹಾಲು ಹಾಕೋ ಹೆಂಗಸ್ರು ಹೇಳ್ಲಿ, ನೀನು ಬರ್ಕೊ ರಮಾ. ಕೆಳಗೆ ಸಂಘದ ಹೆಸರು ಹಾಕಿದ್ರಾಯ್ತು,” ಎಂದರು, ಸಂಘದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನನಗೆ.

ಮಾದಿಹಳ್ಳಿಯ ಚಲುವಮ್ಮ ಅಲ್ಲೇ ಇದ್ದರು. ಹಸುವಿನ ಹೊಟ್ಟೆಯಲ್ಲಿ ಅಡ್ಡ ನಿಂತ ಕರುವನ್ನು ಒಳಗೇ ತಿರುಗಿಸಿ ಈಚೆ ತೆಗೆಯಬೇಕೆಂದರೆ ಸುತ್ತ ಹತ್ತು ಹಳ್ಳಿಗೆ ಅವರೇ ಬೇಕು.

“ಕೈ ನಂದು, ಹೆಸರು ಸಂಘದ್ದಾ?” ಎಂದರು.

ನನಗೆ ಮೈ ಉರಿಯಿತು. “ಒಂದು ತಿಂಗಳು ಕೊಡಿ ಸರ್, ವಿಕಿಯನ್ನೇ ಕನ್ನಡ ಮಾಡ್ತೀನಿ,” ಎಂದೆ.

“ಮಾಡು. ಆಗ್ಲೂ ಇವರ ಕೈಲಿ ಆಗ್ದಿದ್ರೆ ನಾನು ಹೇಳ್ದಂಗೆ,” ಎಂದರು ಜಯದೇವಪ್ಪ.

ಪರದೆಯ ಮೇಲೆ ಕಾಣುವ ಮಾತುಗಳೆಲ್ಲ ಒಂದೇ ಕಡತದಲ್ಲಿದ್ದವು, ಆರುನೂರ ಹನ್ನೆರಡು ಸಾಲು. ಅದನ್ನು ಅಚ್ಚು ತೆಗೆದುಕೊಂಡು, ಬೇಲೂರಿನಿಂದ ನಾನು ದಿನಾ ಕೆಲಸಕ್ಕೆ ಬರುವ ಬಸ್ಸಿನಲ್ಲಿ ಕೂತು ಕನ್ನಡಕ್ಕೆ ತಂದೆ. ಎಲ್ಲ ಮುಗಿಸಿ, ತಂತ್ರಾಂಶದ ಭಾಷೆಗಳ ಪಟ್ಟಿಗೆ ಕನ್ನಡವನ್ನೂ ಸೇರಿಸಿ ಪುಟ ತೆರೆದರೆ ಮೇಲಿಂದ ಕೆಳಗಿನವರೆಗೆ ಕನ್ನಡ! ಹುಚ್ಚಿಯಂತೆ ಒಬ್ಬಳೇ ನಕ್ಕೆ.

ಅಷ್ಟರಲ್ಲಿ ನನ್ನ ಹತ್ತಿರ ಕನ್ನಡ ಟೈಪಿಂಗ್ ಕಲಿತಿದ್ದ ಏಳು ಹೆಂಗಸರು ಮಾರನೆಯ ದಿನ ಒಬ್ಬರಾದ ಮೇಲೊಬ್ಬರು ಕೂತು ಬರೆದರು. ಸಂಜೆ ನೋಡಿದರೆ ಏಳೂ ಬರಹ ಚಲುವಮ್ಮನ ಹೆಸರಿನಲ್ಲಿವೆ. ಮೊದಲು ಹೆಸರು ಕೊಟ್ಟು ಒಳಗೆ ಬಂದವರು ಅವರು. ಆಮೇಲೆ ಆಚೆ ಬರುವ ಗುಂಡಿಯನ್ನು ಯಾರೂ ಒತ್ತಿಯೇ ಇರಲಿಲ್ಲ; ಹಾಗಾಗಿ ವಿಕಿಯ ಲೆಕ್ಕಕ್ಕೆ ಕೂತವರೆಲ್ಲ ಚಲುವಮ್ಮನೇ.

“ಹೇಳ್ಲಿಲ್ವಾ ನಾನು?” ಎಂದರು ಜಯದೇವಪ್ಪ. “ಶುಕ್ರವಾರ ಇನ್ನೊಂದ್ಸಲ ನೋಡ್ತೀನಿ, ಅಷ್ಟೇ.”

ಚಲುವಮ್ಮನ ಮುಖ ಬಾಡಿತ್ತು. “ಬಸಮ್ಮ ಬರೆದದ್ದು ನನ್ನ ಹೆಸರ್ನಾಗೆ ಐತಂತೆ. ಕದ್ಬಿಟ್ಟೆ ಅಂತಾಳೆ.”

“ಬರೆದಾದ ಮೇಲೆ ಮೂಲೆಯ ಗುಂಡಿ ಒತ್ತಿ ಅಂದಿದ್ನಲ್ಲಾ, ಯಾಕೆ ಒತ್ತಲಿಲ್ಲ?”

“ಅದ್ರಾಗೆ ‘ಹೊರಗೆ ಹೋಗಿ’ ಅಂತೈತೆ. ಬಂದೋರ್ನ ಯಾರಾದ್ರೂ ಹಂಗಂತಾರೇನವ್ವಾ? ಅನ್ನಿಸ್ಕೊಳೋದ್ಯಾಕೆ ಅಂತ ಎಲ್ರೂ ಸುಮ್ಕೆ ಎದ್ದು ಬಂದ್ವಿ.”

ನನಗೆ ನಾಚಿಕೆಯಾಯಿತು. ಇಂಗ್ಲಿಷಿನ ‘ಲಾಗ್ ಔಟ್’ ಅನ್ನು ಹಾಗೆ ಕನ್ನಡಕ್ಕೆ ಇಳಿಸಿದವಳು ನಾನೇ. ಬೇಡದ ನೆಂಟರು ಹೊರಟಾಗಲೂ ನಮ್ಮಮ್ಮ ಹಾಗೆಂದವಳಲ್ಲ. ಕಡತ ತೆರೆದು ಆ ಒಂದು ಸಾಲನ್ನು ಅಳಿಸಿ, ಎಲ್ಲ ಮನೆಗಳ ಬಾಗಿಲಲ್ಲೂ ಹೇಳುವುದನ್ನೇ ಬರೆದೆ: ‘ಹೋಗಿ ಬನ್ನಿ’.

ಶುಕ್ರವಾರ ಜಯದೇವಪ್ಪನವರ ಎದುರಿಗೇ ಪರೀಕ್ಷೆ. ಬಸಮ್ಮ ತಮ್ಮ ಹೆಸರು ಕೊಟ್ಟು ಒಳಗೆ ಹೋಗಿ, ಬರೆದು ಮುಗಿಸಿ ಮೂಲೆಯತ್ತ ನೋಡಿದರು. “ಬತ್ತೀನಿ ಕಣಪ್ಪ,” ಎಂದು ಕಂಪ್ಯೂಟರಿಗೆ ಹೇಳಿ ಗುಂಡಿ ಒತ್ತಿ ಎದ್ದರು. ಉಳಿದವರೂ ಹಾಗೇ ಮಾಡಿದರು. ಕೊನೆಯವರು ಚಲುವಮ್ಮ.

‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆದೆ. ಅವತ್ತಿನ ಏಳು ಬರಹ, ಏಳು ಹೆಸರು! ಎಲ್ಲಕ್ಕಿಂತ ಮೇಲೆ ‘ಅಡ್ಡ ನಿಂತ ಕರು: ಚಲುವಮ್ಮ, ಮಾದಿಹಳ್ಳಿ’. ಅವರು ಅದರ ಮೇಲೆ ಬೆರಳಿಟ್ಟು ಎರಡು ಸಲ ಗಟ್ಟಿಯಾಗಿ ಓದಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಜಯದೇವಪ್ಪ ಕನ್ನಡಕ ಒರೆಸಿಕೊಂಡರು. “ತೋಟದ ಹುಲ್ಲಿನ ಬಗ್ಗೆ ನಂಗೂ ನಾಲ್ಕು ಮಾತು ಗೊತ್ತು. ನನ್ನ ಹೆಸರೂ ಸೇರಿಸಮ್ಮ,” ಎಂದು ಕೂತು ಅರ್ಧ ಗಂಟೆ ಒಂದೇ ಬೆರಳಿನಲ್ಲಿ ಕುಟ್ಟಿದರು. ಮುಗಿಸಿದವರೇ ಎದ್ದು ಬಾಗಿಲತ್ತ ನಡೆದರು.

ಚಲುವಮ್ಮ ಪರದೆಯತ್ತ ಕೈ ತೋರಿಸಿದರು. “ಏನ್ ಸ್ವಾಮಿ, ಹೇಳ್ದೆ ಹೊಂಟ್ಬಿಟ್ರಾ?”

ಜಯದೇವಪ್ಪ ವಾಪಸ್ ಬಂದರು. ಬಗ್ಗಿ ಗುಂಡಿ ಒತ್ತಿ, ತಗ್ಗಿದ ದನಿಯಲ್ಲಿ, “ಬರ್ತೀನಿ,” ಎಂದರು.