ಟೋರ್ಲೈಫ್ ಅಳಿಸಿದ ಡ್ರಮ್ಮು

ಬ್ರೆಡ್ಡಿನ ಮೇಲೆ ಸಾಲ್ಮನ್ ಮೀನಿನ ಚೂರು ಜೋಡಿಸುತ್ತಿದ್ದ ಗುನ್‌ವೋರ್, ಬಾಗಿಲಲ್ಲಿ ನಿಂತ ರೂಆಲ್‌ನನ್ನು ನೋಡಿ ಚಾಕು ಕೆಳಗಿಟ್ಟಳು. ಅಂದು ಮಣ್ಣಾಗಬೇಕಿದ್ದವನು ಅವಳ ತಮ್ಮ ಟೋರ್ಲೈಫ್. ಅವನು ಡ್ರಮ್ ಬಾರಿಸಿದಲ್ಲೆಲ್ಲ ಬೇಸ್ ಗಿಟಾರ್ ಹಿಡಿದು ನಿಂತವನು ಈ ರೂಆಲ್. ಬೆರಳು ಒಂದೊಂದೂ ಹಡಗಿನ ಹಗ್ಗದಷ್ಟು ದಪ್ಪ.

ಚರ್ಚಿನಲ್ಲಿ ಆ ಹಾಡು ಹಾಕಲು ಪಾದ್ರಿ ಒಪ್ಪಿದ್ದರು. ಟೋರ್ಲೈಫ್ ಓಸ್ಲೋದಲ್ಲಿ ಕೂತು ರೆಕಾರ್ಡ್ ಮಾಡಿಸಿದ ಹಾಡುಗಳಲ್ಲಿ ಈ ಕಡಲಿನ ಮೀನುಗಳಿಗೂ ಬಾಯಿಪಾಠವಾದದ್ದು ಅದೊಂದೇ. ಅದರಲ್ಲಿ ಅವನ ಡ್ರಮ್ಮೇ ಇರಲಿಲ್ಲ.

"ಗುನ್‌ವೋರಕ್ಕ, ಮೊದಲ್ನೇ ಟೇಪು ಸಿಕ್ತು," ಎಂದ ರೂಆಲ್. "ಅವನು ಡ್ರಮ್ ತೆಗೆಯೋಕೆ ಮುಂಚಿಂದು. ಯಾವುದು ಹಾಕ್ಲಿ?"

*

ವರ್ಷಗಳ ಹಿಂದೆ ಟೋರ್ಲೈಫ್ ಆ ರೆಕಾರ್ಡು ಹಿಡಿದು ಊರಿಗೆ ಬಂದಿದ್ದಾಗ ಗುನ್‌ವೋರ್ ಕಿವಿ ಸವೆಯುವಷ್ಟು ಕೇಳಿ, ಇದರಲ್ಲಿ ನೀನೆಲ್ಲಿದ್ದೀಯೋ ಎಂದಿದ್ದಳು. ಹಾಡುವ ಹುಡುಗಿಯ ದನಿ ಹೊಸ ಮಂಜುಗಡ್ಡೆಯಷ್ಟು ತೆಳು, ಕಾಲಿಟ್ಟರೆ ಒಡೆಯುತ್ತಿತ್ತು, ಅದಕ್ಕೇ ನನ್ನನ್ನು ತೆಗೆದುಬಿಟ್ಟೆ ಎಂದಿದ್ದ.

"ಮದುವೆ ಮನೆಯಿಂದ ಗಂಡೇ ಎದ್ದು ಹೋದ ಹಾಗಾಯ್ತು."

"ಹೆಣ್ಣು ಚೆನ್ನಾಗಿ ಕಂಡ್ಲಲ್ಲ ಅಕ್ಕ, ಸಾಕು."

ಮದುವೆಯಂತೂ ಅವನು ಆಗಲೇ ಇಲ್ಲ. ಕಿವಿ ಮಂದವಾದ ಮೇಲೆ ಬಂದು ಅವಳ ಪಕ್ಕದ ಮನೆ ಹಿಡಿದ. ಚಳಿಗಾಲವಿಡೀ, ಅವಳು ಏಳುವ ಮುಂಚೆಯೇ ಅವಳ ಮೆಟ್ಟಿಲ ಹಿಮ ಗುಡಿಸುತ್ತಿದ್ದ. ವಿಧವೆ ಅಕ್ಕನಿಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ.

*

ಅವನು ಬೇಡವೆಂದದ್ದನ್ನು ಹಾಕಿಸಿದರೆ ಸತ್ತವನ ಮಾತು ಮೀರಿದಂತೆ. ಹಾಕಿಸದಿದ್ದರೆ ತನ್ನ ಮಣ್ಣಿಗೇ ಅವನು ಗೈರುಹಾಜರು.

"ಅವನು ಇರೋದನ್ನೇ ಹಾಕು," ಎಂದಳು ಗುನ್‌ವೋರ್. "ಬೈಯೋದಿದ್ರೆ ನಾನು ಅಲ್ಲಿಗೆ ಹೋದ್ಮೇಲೆ ನಂಗೇ ಬೈಲಿ."

ಚರ್ಚಿನಲ್ಲಿ ಹುಡುಗಿಯ ದನಿ ಎದ್ದಿತು. ಅದರ ಅಡಿಯಲ್ಲಿ, ಕಡ್ಡಿಯ ಪೆಟ್ಟಲ್ಲ, ತಂತಿಯ ಪುಟ್ಟ ಪೊರಕೆಯಿಂದ ಡ್ರಮ್ಮಿನ ಚರ್ಮ ಸವರುವ ಸದ್ದು: ಸರ್, ಸರ್. ಗುನ್‌ವೋರ್ ಹಾಸಿಗೆಯಲ್ಲಿ ಕೇಳುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ ಕೇಳಿದಳು.

ಮಣ್ಣು ಮುಗಿಸಿ ಎಲ್ಲರೂ ಕಾಫಿಗೆ ಕೂತರು. ಕೇಕಿನ ತಟ್ಟೆಯನ್ನು ತನ್ನ ಗಂಡನಿಗಿಂತ ಹತ್ತಿರ ಎಳೆದುಕೊಂಡಿದ್ದ ನೆರೆಯ ಬೋರ್ಗ್‌ಹಿಲ್ಡ್ ಕಣ್ಣೊರೆಸಿಕೊಂಡಳು.

"ಎಂಥಾ ಹಾಡು. ಡ್ರಮ್ಮಿಲ್ಲ, ಅದಕ್ಕೇ ಅಷ್ಟು ಚೆಂದ ನೋಡು."

ರೂಆಲ್ ತಲೆಯೆತ್ತಿದ. ಗುನ್‌ವೋರ್ ಅವಳ ಬಟ್ಟಲಿಗೆ ಕಾಫಿ ಬಗ್ಗಿಸಿದಳು.

"ಅವನೂ ಅದನ್ನೇ ಹೇಳ್ತಿದ್ದ," ಎಂದಳು.

ಮನೆಗೆ ಬಂದಾಗ ಮೆಟ್ಟಿಲ ಮೇಲೆ ಹೊಸ ಹಿಮ ಬಿದ್ದಿತ್ತು. ಪೊರಕೆ ಅವನು ಒರಗಿಸಿಟ್ಟಲ್ಲೇ ಇತ್ತು. ಅದನ್ನೆತ್ತಿ ಒಮ್ಮೆ ಗುಡಿಸಿದಳು. ನಿಂತು, ಪಕ್ಕದ ಮನೆಯ ದೀಪವಿಲ್ಲದ ಕಿಟಕಿಯತ್ತ ಕಿವಿಗೊಟ್ಟಳು. ಮತ್ತೆ ಗುಡಿಸಿದಳು.