ಕೈಸರನ ಫೈಲಿನಲ್ಲಿ ಉಳಿದ ಮಾತು

ಪ್ರಿಂಟರಿನ ಹಾಳೆಯ ತೂತಿನ ಅಂಚನ್ನು ಹರಿಯುತ್ತಲೇ ರೇಣುಕಾ ಮೆಟ್ಟಿಲು ಹತ್ತಿ ಬಂದಾಗ, ನಿಶಾತ್ ಗಂಡನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಬಿಳಿ ಪಟ್ಟಿಯಿಂದ ಜೋಡಿಸಿ ಕಟ್ಟುತ್ತಿದ್ದಳು. ಕೈಸರ್‌ಗೆ ನಲವತ್ತೊಂದು. ನಸುಕಿನಲ್ಲಿ ಚಹಾ ಕುಡಿಯುತ್ತ ಕೂತವನು ಹಾಗೇ ಗೋಡೆಗೆ ಒರಗಿಬಿಟ್ಟಿದ್ದ. ಬಳ್ಳಾರಿಯ ಆ ಎರಡು ಕೋಣೆಯ ಮನೆಯಲ್ಲಿ ಈಗ ಅಳುವವರಿಗಿಂತ ವಾದಿಸುವವರ ದನಿಯೇ ಜೋರಾಗಿತ್ತು.

"ಸಿರುಗುಪ್ಪಕ್ಕ ಒಯ್ಯೂಣು. ಅಪ್ಪನ ಮಗ್ಗಲಾಗ ಜಾಗ ಐತಿ," ಎಂದ ಕೈಸರನ ಅಣ್ಣ ಖಲಂದರ್. ಅವನ ಜೊತೆ ಜೀಪಿನಲ್ಲಿ ಬಂದಿದ್ದ ತಾಯಿ ಖಾತೂನ್ ಬೀ ಮಗನ ತಲೆಯ ಹತ್ತಿರ ಕೂತು ಹೌದೆಂದು ತಲೆಯಾಡಿಸಿದಳು.

"ಇಲ್ಲೇ ಇರ್ಲಿ ಭಾಯಿ," ಎಂದಳು ನಿಶಾತ್. "ಹಿಂದ ಖಬರಸ್ತಾನ ಐತಿ. ಮಾಳಿಗಿ ಮ್ಯಾಲ ನಿಂತ್ರ ಕಾಣ್ತೈತಿ."

"ಕಂಡು ಏನು ಮಾಡ್ತಿ ತಾಯಿ?" ಎಂದ ಖಲಂದರ್.

ಅವಳು ಪಟ್ಟಿಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಆಗಲೇ ರೇಣುಕಾ ಹಾಳೆ ಚಾಚಿದಳು. ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು ಮನೆಯ ಕೆಳಗಿದ್ದ ಕೈಸರನ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ಅವಳು.

"ಅಕ್ಕ, ಕಂಪ್ಯೂಟರ್‌ನ್ಯಾಗ ಮಂದಿ ನಂಬರ್ ಹುಡುಕುವಾಗ ಸರ್ ಹೆಸರಿನ ಫೈಲ್ ಒಂದು ಸಿಕ್ತು. ಅವರ ಪ್ರೋಗ್ರಾಮಿಗೇ ಹಾಕಿ ತೆಗೆದೆ. ಇದೊಂದು ಸಾಲು ಬಂತು."

ಖಲಂದರ್ ಎಲ್ಲರಿಗೂ ಕೇಳುವಂತೆ ಓದಿದ: "ನಾನು ಸತ್ತರೆ ಸಿರುಗುಪ್ಪದಲ್ಲಿ ಅಪ್ಪನ ಪಕ್ಕ ಮಲಗಿಸಿರಿ."

ವಾದ ಅಲ್ಲಿಗೆ ಮುಗಿಯಿತು. ಸತ್ತವನೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನಿದೆ? ನಿಶಾತಳಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅವಳ ಮುಂದೆಯೇ ಹೇಳುತ್ತಿದ್ದ ಮನುಷ್ಯ, ಇಷ್ಟು ದೊಡ್ಡ ಮಾತನ್ನು ಹೋಗಿ ಹೋಗಿ ಕಂಪ್ಯೂಟರಿಗೆ ಹೇಳಿದನೆ? ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

*

ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಲಾರಿ ಕೊಳ್ಳದವನೇ ದಡ್ಡ. ಕೈಸರ್ ಲಾರಿ ಕೊಳ್ಳಲಿಲ್ಲ, ಲಾರಿಗಳ ತೂಕದ ಚೀಟಿಯಿಂದ ಹೆಸರು, ನಂಬರು ಹೆಕ್ಕುವ ಕೆಲಸ ಹಿಡಿದ. ಅದಿರು ತೂಗುವ ಕಡೆಗಳಿಂದ ಎಕ್ಸ್‌ಎಂಎಲ್ ಎಂಬ ಬಗೆಯ ಫೈಲುಗಳು ಬರುತ್ತಿದ್ದವು. ಅದರಲ್ಲಿ ಪ್ರತಿ ಮಾತಿನ ಹಿಂದೆ ಮುಂದೆ ಗುರುತು. ಪೈಥಾನ್ ಭಾಷೆಯಲ್ಲಿ ಅವನು ಬರೆದ ಪ್ರೋಗ್ರಾಂ ಗುರುತುಗಳನ್ನು ಬಿಟ್ಟು ಒಳಗಿನ ಮಾತನ್ನಷ್ಟೇ ಹೊರಗೆ ತೆಗೆಯುತ್ತಿತ್ತು.

"ಗಂಡ ಏನು ಮಾಡ್ತಾನಂತ ಕೇಳಿದ್ರ ಏನು ಹೇಳ್ಲಿ?" ಎಂದು ನಿಶಾತ್ ಒಮ್ಮೆ ಕೇಳಿದ್ದಳು.

ಅವನು ಅಕ್ಕಿ ಡಬ್ಬಿಯನ್ನೇ ಎಳೆದುಕೊಂಡ. "ಡಬ್ಬಿ ಅಂದ್ರ ಗುರುತು, ಅಕ್ಕಿ ಅಂದ್ರ ಮಾತು. ನಾನು ಅಕ್ಕಿ ತೆಗೆಯಾಂವ." ಆಮೇಲೆ ಒಂದು ಸಣ್ಣ ಡಬ್ಬಿಯನ್ನು ಅಕ್ಕಿಯ ನಡುವೆ ಹುಗಿದ. "ನಡುವ ಹಿಂಗ ಇನ್ನೊಂದು ಬಂತು ಅಂದ್ರ ನನ್ನ ಪ್ರೋಗ್ರಾಂ ಅಲ್ಲೇ ನಿಂತು ಬಿಡ್ತೈತಿ. ಕೆಳಗಿನ ಅಕ್ಕಿ ಸಿಗಂಗಿಲ್ಲ. ಲಾರಿ ಚೀಟಿಯಾಗ ಹಂಗ ಇರಂಗಿಲ್ಲ, ಅದಕ್ಕ ನಡದೈತಿ. ಸರಿ ಮಾಡ್ಬೇಕು."

"ಮೊದ್ಲು ಅಕ್ಕಿಯಾಗಿಂದ ಕೈ ತಗೀರಿ," ಎಂದು ಅವಳು ಡಬ್ಬಿ ಕಸಿದುಕೊಂಡಿದ್ದಳು.

*

ಇಳಿಹೊತ್ತಿನ ಅಸರ್ ನಮಾಜಿನ ನಂತರ ಸಿರುಗುಪ್ಪದಲ್ಲಿ ಮಣ್ಣಾಯಿತು. ಗಂಡಸರು ಖಬರಸ್ತಾನದಿಂದ ಇನ್ನೂ ಮರಳಿರಲಿಲ್ಲ. ಅಷ್ಟರಲ್ಲಿ ರೇಣುಕಾ ಬಸ್ಸಿಳಿದು ಬಂದು ನಿಶಾತಳನ್ನು ಅತ್ತೆಯ ಮನೆಯ ಹಿತ್ತಲಿಗೆ ಕರೆದಳು.

"ಅಕ್ಕ, ಒಂದೇ ಸಾಲು ಬಂದಿದ್ದಕ್ಕ ಮನಸು ತಡೀಲಿಲ್ಲ. ಫೈಲನ್ನೇ ಬಿಚ್ಚಿ ನೋಡಿದೆ. ನಡುವ ಇಸವಿಗೆ ಬ್ಯಾರೆ ಗುರುತು ಹಾಕ್ಯಾರ. ಪ್ರೋಗ್ರಾಂ ಅಲ್ಲಿಗೇ ನಿಂತೈತಿ. ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ."

ಈ ಹಾಳೆಯಲ್ಲಿ ಗುರುತುಗಳ ನಡುವೆ ಪೂರ್ತಿ ಮಾತಿತ್ತು. ನಾನು ಸತ್ತರೆ ಸಿರುಗುಪ್ಪದಲ್ಲಿ ಅಪ್ಪನ ಪಕ್ಕ ಮಲಗಿಸಿರಿ. ೧೯೯೮ರಲ್ಲಿ, ಅಪ್ಪ ತೀರಿಕೊಂಡಾಗ, ಹೀಗಂದುಕೊಂಡಿದ್ದೆ. ಈಗ ನಮ್ಮ ಮಾಳಿಗೆಗೆ ಕಾಣುವ ಕಡೆ ಸಾಕು. ನಿಶಾತ್ ಬಟ್ಟೆ ಒಣಗಹಾಕಲು ಬರುತ್ತಾಳೆ.

"ಪ್ರೋಗ್ರಾಂ ತಪ್ಪು ಹಿಡಿಯಾಕ ಸುಮ್ನ ಬರದಿದ್ರೋ, ಮನಸಿನಿಂದ ಬರದಿದ್ರೋ, ನಂಗ ತಿಳೀವಲ್ದು ಅಕ್ಕ," ಎಂದು ರೇಣುಕಾ ಅತ್ತಳು. "ನಾನು ಅವಸರ ಮಾಡಿದೆ."

ನಿಶಾತಳಿಗೂ ತಿಳಿಯಲಿಲ್ಲ. ಸುಮ್ಮನೆ ಬರೆಯುವವನು ಬಟ್ಟೆ ಒಣಗಹಾಕುವುದನ್ನು ಯಾಕೆ ಬರೆದ? ಮನಸಿನಿಂದ ಬರೆದವನು ಹೆಂಡತಿಗೆ ಯಾಕೆ ಹೇಳಲಿಲ್ಲ? ಮಣ್ಣು ಇನ್ನೂ ಹಸಿ ಇದೆ, ಈಗಲೇ ಕೂಗಿ ಹೇಳಿದರೆ ಏನಾದೀತು ಎಂದು ಹುಚ್ಚು ಯೋಚನೆಯೂ ಬಂತು. ಇನ್ನು ನಾಲ್ಕು ತಿಂಗಳು ಹತ್ತು ದಿನ ಅವಳು ಗಂಡ ಸತ್ತವರ ಇದ್ದತ್ತಿಗೆ ಕೂರಬೇಕು, ಹೊಸ್ತಿಲು ದಾಟುವಂತಿಲ್ಲ. ಬಳ್ಳಾರಿಯ ಮಾಳಿಗೆಯಿಂದಾದರೆ ದಿನಾ ನೋಡಬಹುದಿತ್ತು. ಅದು ಕೈ ತಪ್ಪಿ ಹೋಗಿತ್ತು.

"ಅದೇನು ಬೇಟಿ, ಅವನ ಹಾಳಿನಾ?"

ಖಾತೂನ್ ಬೀ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಬಾತಿದ್ದರೂ ಅದರಲ್ಲೊಂದು ಸಮಾಧಾನವಿತ್ತು. "ನನ್ನ ಕೂಸು ಕಡೀಗೆ ಮನಿಗೆ ಬಂತು ನೋಡು. ಇನ್ನೊಮ್ಮೆ ಓದು, ಕೇಳ್ತೀನಿ."

ರೇಣುಕಾ ತಲೆ ತಗ್ಗಿಸಿದಳು. ನಿಶಾತ್ ಓದಿದಳು: "ನಾನು ಸತ್ತರೆ ಸಿರುಗುಪ್ಪದಲ್ಲಿ ಅಪ್ಪನ ಪಕ್ಕ ಮಲಗಿಸಿರಿ." ಅಲ್ಲಿಗೆ ನಿಲ್ಲಿಸಿದಳು.

ಅಕ್ಷರ ಬಾರದ ಮುದುಕಿ ಹಾಳೆಯನ್ನು ಇಸಿದುಕೊಂಡು ನೋಡಿದಳು. "ಇಷ್ಟು ಸಾಲು ಅದಾವಲ್ಲ?"

"ಉಳಿದಿದ್ದು ಕಂಪ್ಯೂಟರಿನ ಗುರುತು ಅತ್ತಿ."

ಖಾತೂನ್ ಬೀ ಕಲ್ಲಿನ ಮೇಲೆ ಕೂತು ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡಳು. ಮುದುಡಿದ್ದು ಸರಿಹೋಗಲೆಂದು, ಕೆಳಗಿನ ಸಾಲುಗಳ ಮೇಲೆ ಅಂಗೈಯಿಟ್ಟು ಮೆಲ್ಲಗೆ ಸವರತೊಡಗಿದಳು.