ಗೋಡೆಯೊಳಗಿನ ಹೊಲಿಗೆ ಯಂತ್ರ

ಚಳಿ ಬಂತೆಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ತಲೆನೋವು. ಕಿಟಕಿ ಭದ್ರ ಮಾಡುತ್ತಾರೆ, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಾರೆ, ಒಲೆಗೆ ಸೌದೆ ಒಟ್ಟುತ್ತಾರೆ, ಆಮೇಲೆ ತಲೆ ಹಿಡಿದುಕೊಂಡು ಕೂರುತ್ತಾರೆ. ಕೇಳಿದರೆ "ಥಂಡಿ ಹಿಡ್ಕೊಂಡಿದೆ" ಎನ್ನುತ್ತಾರೆ. ಚಿಮಣಿ ತೋರಿಸಿ ಎಂದು ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂದಿದ್ದೇ ಬಂತು. ನಾನು ಅಗ್ನಿಶಾಮಕ ಠಾಣೆಯಲ್ಲಿ ಗಾಡಿ ಓಡಿಸುವವಳು. ಬೀದಿಯವರು ನನಗೆ ಗಂಟೆ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಗಾಡಿಯ ಗಂಟೆಗಿಂತ ನನ್ನ ಗಂಟಲೇ ಜೋರಂತೆ. ಇರಲಿ, ಜೋರಾಗಿ ಹೇಳಿದರೂ ಕೇಳದವರ ಕಥೆಯನ್ನೇ ಈಗ ಹೇಳುತ್ತೇನೆ.

ನಮ್ಮ ಪಕ್ಕದ್ದು ದರ್ಜಿಯವರ ಮನೆ. ದಪ್ಪ ಇಟ್ಟಿಗೆ ಗೋಡೆಯ ಹಳೆಯ ಮನೆ. ಕೆಳಗೆ ಹೊಲಿಗೆ ಕೋಣೆ, ಅದರ ಮೂಲೆಯಲ್ಲಿ ಕಬ್ಬಿಣದ ಸೌದೆ ಒಲೆ. ಒಲೆಯ ಹೊಗೆ ಹೋಗುವ ಚಿಮಣಿ ಗೋಡೆಯೊಳಗೇ ಮೇಲೇರಿ, ಮಹಡಿಯಲ್ಲಿ ಅಜ್ಜಿ ಮಲಗುವ ಕೋಣೆಯ ಗೋಡೆಯನ್ನು ಹಾದು, ಮಾಡಿನ ಮೇಲೆ ಬಾಯಿ ತೆರೆಯುತ್ತದೆ. ಅಜ್ಜಿಯ ಯಜಮಾನರು ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಅವರು ಬದುಕಿದ್ದಾಗ ಆ ಚಿಮಣಿಯ ಒಳಗೆ ಉಕ್ಕಿನ ಕೊಳವೆ ಇಳಿಸಿ ಲೈನಿಂಗ್ ಮಾಡಿಸಿದ್ದರು. "ಕೋಟಿಗೆ ಹಾಕೋ ಹಾಗೆ ಮನೆಗೂ ಲೈನಿಂಗ್ ಹಾಕಿದೀನಿ, ಇನ್ನು ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಆ ಮಾತನ್ನು ಮನೆಯವರು ಎಷ್ಟು ನಂಬಿದರೆಂದರೆ, ಅವರು ತೀರಿಕೊಂಡ ಮೇಲೂ ಆ ಚಿಮಣಿಯೊಳಗೆ ಯಾರೂ ಒಮ್ಮೆಯಾದರೂ ಬ್ರಶ್ ಆಡಿಸಲಿಲ್ಲ.

ಈಗ ಯಂತ್ರಕ್ಕೆ ಕೂರುವವಳು ಸೊಸೆ. ಮಗ ದೂರದೂರಿಗೆ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದೇ ಅಪರೂಪ. ಉಳಿದಂತೆ ಅಜ್ಜಿ, ಪುಟ್ಟಿ ಎಂದು ಎಲ್ಲರೂ ಕರೆಯುವ ಮೊಮ್ಮಗಳು, ಮತ್ತೆ ಒಂದು ಬೆಕ್ಕು. ಮೊದಲು ಮನೆ ಬಿಟ್ಟದ್ದು ಬೆಕ್ಕು. ನಮ್ಮ ಹೊಸ್ತಿಲಿಗೆ ಬಂದು ಕೂತಿತು. ಎಷ್ಟು ಓಡಿಸಿದರೂ ಆ ಮನೆಯ ಕಡೆ ಮುಖ ಹಾಕಲಿಲ್ಲ.

ಒಂದು ಸಂಜೆ ಅದನ್ನು ಕರೆದೊಯ್ಯಲು ಸೊಸೆ ಎರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆಯ ಹತ್ತಿರ ಬಂದಳು. ಮುಖ ಬಾಡಿತ್ತು.

"ಅಕ್ಕ, ಒಂದು ಮಾತು ಹೇಳ್ತೀನಿ. ನಗಬಾರದು."

"ನಗೋ ಮಾತಾದ್ರೆ ನಗ್ತೀನಮ್ಮ. ಹೇಳು."

"ನಮ್ಮ ಗೋಡೆಯೊಳಗೆ ಮಾವನವರು ಹೊಲೀತಿದ್ದಾರೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಒಲೆ ಹಚ್ಚಿ ಸ್ವಲ್ಪ ಹೊತ್ತಾದ್ರೆ ಸಾಕು, ಶುರುವಾಗುತ್ತೆ. ಟಕ ಟಕ ಟಕ. ದಾರ ಕತ್ತರಿಸೋಕೆ ನಿಲ್ಲಿಸಿದ ಹಾಗೆ ನಿಲ್ಲುತ್ತೆ, ಮತ್ತೆ ಟಕ ಟಕ. ಅವರ ಕಾಲು ಮೆಷಿನ್ ಸದ್ದೇ ಅಕ್ಕ. ಅತ್ತೆ ಗೋಡೆಗೆ ಕಿವಿ ಕೊಟ್ಟು ಕೂತುಬಿಡ್ತಾರೆ. ವಯಸ್ಸಾದವರು, ಹೋಗಲಿ ಬಿಡು ಅಂದ್ಕೊಂಡಿದ್ದೆ. ಈಗ ನನಗೂ ಕೇಳಿಸುತ್ತೆ."

"ಆ ಮೆಷಿನ್ ಎಲ್ಲಿದೆ ಈಗ?"

"ಅವರು ಹೋದ ಮೇಲೆ ಅದನ್ನ ಮಾರಿ, ನನಗೆ ಕರೆಂಟ್ ಮೆಷಿನ್ ತಂದ್ವಲ್ಲ."

"ಅದಿರಲಿ, ನಿನ್ನ ಮುಖ ಯಾಕೆ ಹೀಗಾಗಿದೆ?"

"ತಲೆನೋವು ಅಕ್ಕ. ಹೊಟ್ಟೆ ತೊಳಸುತ್ತೆ. ಅಂಗಡಿ ಕಡೆ ಹೋದ್ರೆ ಸರಿಹೋಗುತ್ತೆ, ಮನೆಗೆ ಬಂದು ಕೂತ್ರೆ ಮತ್ತೆ ಅದೇ."

ಅಲ್ಲಿಗೆ ನನ್ನ ನಗು ಅಡಗಿತು. ಹೊರಗೆ ಹೋದರೆ ಬಿಡುವ, ಒಳಗೆ ಬಂದರೆ ಹಿಡಿಯುವ ತಲೆನೋವು ಥಂಡಿಯದ್ದಲ್ಲ.

"ಚಿಮಣಿ ಯಾರಿಗಾದ್ರೂ ತೋರಿಸಿದ್ರಾ?"

"ಅದಕ್ಕೆ ಲೈನಿಂಗ್ ಇದೆಯಲ್ಲಕ್ಕ? ಅಲ್ದೆ ಅತ್ತೆ ಬಿಡಲ್ಲ. ಚಿಮಣಿ ಮುಟ್ಟಿದ್ರೆ ಮಾವನವರು ಹೋಗಿಬಿಡ್ತಾರೆ ಅಂತಾರೆ." ಅವಳು ದನಿ ತಗ್ಗಿಸಿದಳು. "ಇನ್ನೊಂದಿದೆ. ಪುಟ್ಟೀನೂ ಈಗ ಅಜ್ಜಿ ಕೋಣೇಲೇ ಮಲಗ್ತಾಳೆ. ತಾತ ಬಂದು ಅಳತೆ ತಗೊಂಡ್ರು ಅಂತಾಳೆ. ಭುಜ, ಎದೆ, ತೋಳಿನ ಉದ್ದ, ಎಲ್ಲಾ. ಅವಳಿಗೆ ಕೋಟು ಹೊಲೀತಿದ್ದಾರಂತೆ. ಅವಳು ಹುಟ್ಟೋಕೆ ಮುಂಚೇನೇ ಹೋದವರು ಅಕ್ಕ ಅವರು."

ನಾನು ತಟ್ಟನೆ ಕೇಳಿದೆ: "ಪುಟ್ಟಿ ಈಗೆಲ್ಲಿ?"

"ಮೇಲೆ, ಅಜ್ಜಿ ಹತ್ರ. ಸಂಜೆಯಾದ್ರೆ ಎದ್ದೇಳೋದೇ ಇಲ್ಲ."

"ಒಲೆ?"

"ಉರೀತಿದೆ."

ಗೇಟಿನವರೆಗೆ ಹೋಗುವ ವ್ಯವಧಾನ ನನಗಿರಲಿಲ್ಲ. ಕಾಂಪೌಂಡ್ ಗೋಡೆಯನ್ನೇ ಹಾರಿದೆ. ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು.

ಮಹಡಿಯ ಕೋಣೆ ಬೆಚ್ಚಗೆ, ಮಬ್ಬಾಗಿತ್ತು. ಕಿಟಕಿ ಮುಚ್ಚಿತ್ತು. ಗಾಳಿ ಬರಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗೆ ಅಜ್ಜಿ ಬಣ್ಣಬಣ್ಣದ ಚೂರುಬಟ್ಟೆ ತುರುಕಿದ್ದರು. ಚಿಮಣಿಯ ಗೋಡೆಯ ಮೇಲೆ ಕಂದು ಬಣ್ಣದ ಕಲೆಯೊಂದು ಹಬ್ಬಿತ್ತು. ನಾನು ಸುಟ್ಟ ಮನೆಗಳನ್ನು ಬೇಕಾದಷ್ಟು ನೋಡಿದವಳು. ಆದರೂ ಆ ಕಲೆ ನೋಡಿ ಹಿಂದೆ ಸರಿದೆ. ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಹೊಲಿಯಲು ಕೂತ ಮನುಷ್ಯನ ಆಕಾರವೇ ಅದು. ಗೋಡೆಯೊಳಗಿಂದ ಸದ್ದೂ ಬರುತ್ತಿತ್ತು. ಟಕ ಟಕ ಟಕ. ತಡೆದು, ಮತ್ತೆ ಟಕ ಟಕ.

ಅಜ್ಜಿ ಆ ಕಲೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ ಕೂತಿದ್ದರು.

"ಬಾ ಗಂಟೆ, ಕೂತ್ಕೋ. ಗಲಾಟೆ ಮಾಡ್ಬೇಡ. ತೋಳು ಜೋಡಿಸ್ತಿದ್ದಾರೆ."

ಗೋಡೆಯ ಬುಡದಲ್ಲಿ, ಹಾಸಿಗೆಯ ಮೇಲೆ ಪುಟ್ಟಿ ಮಲಗಿದ್ದಳು. ಕಣ್ಣು ಅರೆತೆರೆದಿತ್ತು. ಕೂಗಿದರೆ ಓಗೊಡಲಿಲ್ಲ. ಅಲುಗಾಡಿಸಿದರೆ ತಲೆ ಒಂದು ಕಡೆ ವಾಲಿತು. ನಾನು ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಕಿಟಕಿ ತೆಗಿ, ಎಲ್ಲರೂ ಆಚೆ ನಡೀರಿ!" ಎಂದು ಕೂಗಿದೆ.

"ಕಿಟಕಿ ತೆಗೀಬೇಡ!" ಅಜ್ಜಿ ಗದರಿದರು. "ಬೀದಿ ಸದ್ದಲ್ಲಿ ಅವರು ಕೇಳಿಸೋದೇ ಇಲ್ಲ. ನೀವು ಹೋಗಿ. ನಾನು ಬರಲ್ಲ."

"ಅಜ್ಜಿ, ಅದು ತಾತ ಅಲ್ಲ. ಒಲೆಯ ವಿಷಗಾಳಿ. ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ, ಕೂತಲ್ಲೇ ಪ್ರಾಣ ತೆಗೆಯುತ್ತೆ."

"ನಿನಗೆ ಲೋಕವೆಲ್ಲ ಹೊಗೇನೇ. ಇಷ್ಟು ವರ್ಷ ಆದ್ಮೇಲೆ ಬಂದಿದ್ದಾರೆ ಕಣೇ. ಎದ್ದು ಹೋಗು ಅಂದ್ರೆ ಹೆಂಗೆ ಹೋಗ್ಲಿ?"

ಆಗ ನನ್ನ ಹೆಗಲ ಮೇಲಿನ ಮಗು ಮಾತಾಡಿತು. ಕಣ್ಣು ಎಲ್ಲೋ ಇತ್ತು, ದನಿ ಆಳದಿಂದ ಬಂದಂತಿತ್ತು.

"ಅಜ್ಜೀ... ಕೋಟು ಮುಗೀತಂತೆ. ಹಾಕ್ಕೊಂಡು ಹೋಗೋಣ ಬಾ ಅಂತಿದ್ದಾರೆ ತಾತ."

ಅಜ್ಜಿಯ ನಗು ಮುಖದಲ್ಲೇ ಒಣಗಿತು. ಕೆಲಸ ಮುಗಿದ ಮೇಲೆ ದರ್ಜಿ ಗಿರಾಕಿಯನ್ನು ಕರೆಯುತ್ತಾನೆ. ಜೀವಮಾನವೆಲ್ಲ ಆ ಮನೆಯಲ್ಲಿ ಬಾಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕಾದ ಹಂಚು ಮುಟ್ಟಿದವರಂತೆ ಗೋಡೆಯಿಂದ ಕೈ ತೆಗೆದರು.

"ಬೇಡ ರೀ," ಎಂದರು ಗೋಡೆಯ ಕಡೆ ನೋಡುತ್ತ. "ಅವಳನ್ನ ಬೇಡ."

ಎದ್ದು ಬಾಗಿಲ ಕಡೆ ತಿರುಗಿದರು. ಸೊಸೆ ಅತ್ತೆಯನ್ನು ತಬ್ಬಿ ಹಿಡಿದುಕೊಂಡಳು. ನಾವು ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಆ ಸದ್ದು ಹಿಂದಿನಿಂದ ಕೇಳುತ್ತಲೇ ಇತ್ತು. ನನಗಂತೂ ಅದು ಮುಂಚಿಗಿಂತ ಜೋರಾಯಿತೆನಿಸಿತು. ಹೊರಗೆ ತಣ್ಣನೆ ಗಾಳಿಗೆ ಬಂದು ನಿಂತ ಮೇಲೇ ನಾನು ಠಾಣೆಗೆ ಫೋನ್ ಮಾಡಿದ್ದು.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಮಗುವಿನ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದೆ ಎಂದರು ಡಾಕ್ಟರಮ್ಮ. "ಇನ್ನು ಸ್ವಲ್ಪ ತಡವಾಗಿದ್ರೆ..." ಎಂದು ಶುರು ಮಾಡಿ, ಅಜ್ಜಿಯ ಮುಖ ನೋಡಿ ಮಾತು ನುಂಗಿಕೊಂಡರು. ಅಜ್ಜಿ ಪಕ್ಕದ ಮಂಚದಿಂದ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ರೆಪ್ಪೆ ಮಿಟುಕಿಸಿದರೆ ಅದು ನಿಂತುಹೋದೀತು ಎಂಬ ಭಯ ಅವರಿಗೆ. ನನಗೂ ಭಯವಾಗಿತ್ತು. ಪುಟ್ಟಿ ಪೂರ್ತಿ ಕಣ್ಣು ಬಿಟ್ಟು "ಬೆಕ್ಕೆಲ್ಲಿ?" ಎಂದಾಗ ಸೊಸೆ ಗೊಳೋ ಎಂದು ಅತ್ತಳು.

ಮನೆಗೆ ಮರಳಿದ ಮೇಲೂ ಒಲೆ ಹಚ್ಚಲು ನಾನು ಬಿಡಲಿಲ್ಲ. ಚಿಮಣಿ ಗುಡಿಸುವವರನ್ನು ಕರೆಸಿದೆ. ಉದ್ದ ಕೋಲಿನ ಬ್ರಶ್ಶು, ಪುಟ್ಟ ಕ್ಯಾಮೆರಾ ಹಿಡಿದು ಬಂದರು. ಅಜ್ಜಿ ಕೈಕಟ್ಟಿ ಕುರ್ಚಿಯಲ್ಲಿ ಕೂತರು. ಮುಖ ಗಂಟಿಕ್ಕಿಕೊಂಡೇ ಇತ್ತು. ಕೆಳಗೆ ಬಿದ್ದ ಮಸಿ ಬಕೆಟ್ ತುಂಬಿತು. ಪುಡಿ ಮಸಿಯಲ್ಲ, ಗಾಜಿನಂತೆ ಹೊಳೆಯುವ ಕರೀ ಹಕ್ಕಳೆ.

"ಹಸಿ ಸೌದೆ ಉರಿಸ್ತೀರಾ? ಜೊತೆಗೆ ಇನ್ನೇನಾದ್ರೂ?" ಎಂದು ಕೇಳಿದರು ಬಂದವರು.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಹೊಲಿಗೆಯಲ್ಲಿ ಉಳಿದ ಚೂರುಬಟ್ಟೆಯೆಲ್ಲ ಆ ಒಲೆಗೇ ಹೋಗುತ್ತಿತ್ತು.

ಆಮೇಲೆ ಕ್ಯಾಮೆರಾದ ಚಿತ್ರ ತೋರಿಸಿದರು. ಉಕ್ಕಿನ ಕೊಳವೆಯ ಬೆಸುಗೆಯೊಂದು ಅಜ್ಜಿಯ ಕೋಣೆಯ ಎತ್ತರದಲ್ಲೇ ಬಿಟ್ಟುಹೋಗಿತ್ತು. ಹಕ್ಕಳೆ ಕಟ್ಟಿ ಮೇಲಿನ ದಾರಿ ಇಕ್ಕಟ್ಟಾಗಿ, ಹೊಗೆ ಆ ಬಿರುಕಿನಿಂದ ಇಟ್ಟಿಗೆ ಸಂದಿಗೆ ನುಗ್ಗಿ ಕೋಣೆಗೆ ಬರುತ್ತಿತ್ತು. ಅದರ ಜೊತೆ ಬಂದ ಅಂಟು ಅಂಟು ಡಾಂಬರಿನಂಥದ್ದು ಗೋಡೆಗೆ ಒಸರಿ ಕಲೆಯಾಗಿತ್ತು.

"ಆ ಸದ್ದು?" ಅಜ್ಜಿ ಕೇಳಿದರು.

"ಉಕ್ಕು ಕಾದ್ರೆ ಹಿಗ್ಗುತ್ತೆ ಅಜ್ಜಿ," ಎಂದೆ. "ಬಿಟ್ಟುಹೋದ ತುಂಡು ಇಟ್ಟಿಗೆಗೆ ಬಡೀತಿತ್ತು."

"ಮಗು ಅಳತೆ ಅಂದಿದ್ದು?"

"ಆ ಗಾಳಿ ರಕ್ತಕ್ಕೆ ಸೇರಿದ್ರೆ ಮಂಪರು ಹತ್ತುತ್ತೆ, ಇಲ್ಲದ್ದೆಲ್ಲ ಕಾಣುತ್ತೆ. ದಿನಾ ಅಳತೆ ಟೇಪು ನೋಡೋ ಮಗು, ದಿನಾ ನಿಮ್ಮ ಬಾಯಲ್ಲಿ ತಾತನ ಕಥೆ ಕೇಳೋ ಮಗು. ಇನ್ನೇನು ಕಾಣಬೇಕು?"

ಅಜ್ಜಿ ಸುಮ್ಮನಾಗಲಿಲ್ಲ. "ಎಲ್ಲಾ ಸರಿ. ಲೈನಿಂಗ್ ಹಾಕ್ಸಿದ್ರಲ್ಲ ಅವರು? ನನ್ನ ಗಂಡ ಕೆಟ್ಟ ಕೆಲಸ ಮಾಡ್ಸಿ ಹೋದ್ರು ಅಂತಾನಾ ನಿನ್ನ ಮಾತು?"

ಅವರ ನೋವು ಇದ್ದದ್ದು ಅಲ್ಲಿ. ಉತ್ತರ ಕೊಟ್ಟವಳು ಸೊಸೆ.

"ಅತ್ತೆ, ಹಳೇ ಕೋಟು ರಿಪೇರಿಗೆ ಬಂದ್ರೆ ಮೊದಲು ಏನು ನೋಡ್ತೀರಿ?"

"ಲೈನಿಂಗು."

"ಯಾಕೆ?"

"ಬೆವರೆಲ್ಲ ಕುಡಿಯೋದು ಅದೇ ಅಲ್ವಾ. ಮೇಲೆ ನೋಡಿದ್ರೆ ಕೋಟು ಹೊಸದರ ಹಾಗೇ ಇರುತ್ತೆ, ಒಳಗೆ ಕಂಕುಳ ಹತ್ರ ಹೊಲಿಗೆ ಬಿಟ್ಟು..." ಅಜ್ಜಿ ಅಲ್ಲಿಗೇ ನಿಲ್ಲಿಸಿದರು.

"ಮಾವನವರು ಮಾಡ್ಸಿದ್ದು ಒಳ್ಳೇದೇ ಅತ್ತೆ. ಬಿಚ್ಚಿ ನೋಡದೆ ಇದ್ದವರು ನಾವು."

ಅಜ್ಜಿ ಎದ್ದುಹೋಗಿ ಕಿಂಡಿಗೆ ತುರುಕಿದ್ದ ಚೂರುಬಟ್ಟೆಯನ್ನು ಒಂದೊಂದಾಗಿ ಎಳೆದು ಹಾಕಿದರು.

ಹಳೆಯ ಕೊಳವೆ ತೆಗೆದು ಹೊಸದು ಇಳಿಸಿದರು. ಮಹಡಿಯ ಕೋಣೆಗೊಂದು, ಹೊಲಿಗೆ ಕೋಣೆಗೊಂದು ವಿಷಗಾಳಿ ಬಂದರೆ ಕೂಗುವ ಅಲಾರಂ ಇಟ್ಟೆವು. ಕಲೆಗೆ ಸುಣ್ಣ ಬಳಿದರು. ಮತ್ತೆ ಒಲೆ ಹಚ್ಚಿದ ಸಂಜೆ ನಾನೂ ಹೋಗಿದ್ದೆ. ಅಜ್ಜಿ ಮೇಲೆ ಹೋಗಿ ಗೋಡೆಗೆ ಕಿವಿಯಿಟ್ಟು ಕೂತರು. ಒಲೆ ಚೆನ್ನಾಗಿ ಕಾಯಿತು. ಗೋಡೆ ಪಿಟ್ಟೆನ್ನಲಿಲ್ಲ.

"ಹೋದ್ರು," ಎಂದರು ಅಜ್ಜಿ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವರಿಗೆ ಗಂಡ ಎರಡನೇ ಸಲ ಸತ್ತಿದ್ದರು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯನ್ನು ಒಮ್ಮೆ ಸವರಿ ಹೇಳಿದರು: "ಅಳತೆ ತಗೊಂಡಿದ್ದು ಸಾಕು ರೀ. ಇವಳ ಕೋಟು ನಾವೇ ಹೊಲೀತೀವಿ."

ಸೊಸೆಯ ಕೊರಳಲ್ಲಿದ್ದ ಟೇಪು ಎಳೆದುಕೊಂಡು ಪುಟ್ಟಿಯನ್ನು ಕರೆದರು. ಪುಟ್ಟಿ ಬಂದು ತಾನಾಗಿಯೇ ಕೈ ಚಾಚಿ, ಗದ್ದ ಎತ್ತಿ ನಿಂತಳು.

"ತಾತಾನೂ ಹೀಗೇ ನಿಲ್ಲಿಸಿದ್ರು," ಎಂದಳು.

ಅಜ್ಜಿ ಅವಳ ಭುಜಕ್ಕೆ ಟೇಪು ಹಿಡಿದು ಅಳತೆ ಪೂರ್ತಿ ಮಾಡಿದರು. ಆ ಕೋಟು ಹಾಕಿಕೊಂಡು ಪುಟ್ಟಿ ಈಗ ಬೀದಿಯಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಾಳೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದೂ ಹಳೆಯ ಮನೆಯೇ? ಚಿಮಣಿಗೆ ಲೈನಿಂಗ್ ಇದೆ ಎಂದು ನೆಮ್ಮದಿಯಿಂದ ಕೂತಿದ್ದೀರಾ? ಉಕ್ಕಿನದಾಗಲಿ, ಸುಟ್ಟ ಮಣ್ಣಿನದಾಗಲಿ, ಅದೂ ಸವೆಯುತ್ತದೆ, ಸೀಳುತ್ತದೆ. ಚಳಿಗಾಲ ಶುರುವಾಗುವ ಮುಂಚೆ, ವರ್ಷಕ್ಕೊಮ್ಮೆಯಾದರೂ, ಬಲ್ಲವರಿಂದ ಚೊಕ್ಕ ಮಾಡಿಸಿ, ಒಳಗೆ ನೋಡಿಸಿ. ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಿ. ಒಲೆಯೇನು ಕಸದ ಬುಟ್ಟಿಯಲ್ಲ, ಬಟ್ಟೆ ಪ್ಲಾಸ್ಟಿಕ್ ಹಾಕಬೇಡಿ. ಗಾಳಿಕಿಂಡಿ ಎಷ್ಟೇ ಚಳಿಯಾದರೂ ತೆರೆದಿರಲಿ. ಅಲಾರಂ ಇಡಿ, ಅದು ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಒತ್ತಿ ನೋಡಿ. ಮನೆಯೊಳಗಿದ್ದರೆ ತಲೆನೋವು, ಹೊರಗೆ ಹೋದರೆ ಆರಾಮ ಎನ್ನಿಸಿದರೆ ಕಾರಣ ಹುಡುಕುತ್ತ ಒಳಗೇ ನಿಲ್ಲಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ. ಚಿಮಣಿ ಸರಿಯಾಗುವವರೆಗೆ ಒಲೆ ಹಚ್ಚಬೇಡಿ.

ನಿಮ್ಮ ಗೋಡೆಯೂ ಒಂದು ಸಂಜೆ ಮಾತಾಡಬಹುದು. ನಿಮಗೆ ಪ್ರೀತಿಯವರ ದನಿಯಲ್ಲೇ ಮಾತಾಡಬಹುದು. ಕೇಳುತ್ತ ಕೂರಬೇಡಿ. ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ.